ಮಸಿ ತೀರುವ ತನಕ

ಬೋರ್ಡು ಇಳಿಸಲು ಕರೆದಿದ್ದಳು ಯುನ್.
ದುರ್ಗಿಗುಡಿಯ ಮಹಡಿಗೆ ಮೂವತ್ತೊಂದು ವರ್ಷದ ಕೆಳಗೆ
ನಾನೇ ಬರೆದದ್ದು: ಡಾ. ಶಾ, ದಂತ ವೈದ್ಯರು.
ಶಿಯಾ ಅನ್ನುವುದು ಊರ ಬಾಯಲ್ಲಿ ಶಾ ಆಗಿ
ಗುಜರಾತಿನವರೆಂದೇ ನಂಬಿ ಹಲ್ಲು ಕೀಳಿಸಿಕೊಂಡವರು ಎಷ್ಟೋ ಜನ.
ಅವರೂ ತಿದ್ದಲಿಲ್ಲ.
ಬಾಯಿ ತೆಗೆಯಿರಿ, ಅಂದರು, ಅಷ್ಟೆ.

ಕುರ್ಚಿ ಮಾರಿಯಾಗಿತ್ತು.
ಬೆಂಚಿದ್ದ ಕಡೆ ಗೋಡೆಗೆ ಕಾದವರ ತಲೆಯೆಣ್ಣೆಯ ಕಲೆ.
ಏಣಿ ಆಮೇಲೆ, ಇದನ್ನು ನೋಡು ಪುಂಡಲೀಕಣ್ಣ, ಎಂದು
ತಗಡಿನ ಕೊಳವೆಯಿಂದ ಎಳೆದಳು ಒಂದು ಸುರುಳಿ.
ಮೇಜು ಸಾಲದೆ ನೆಲಕ್ಕೆ ಹಾಸಿದೆವು.
ಮಗುಚದಂತೆ ತುದಿಗೊಂದು ಹಲ್ಲಿನ ಅಚ್ಚು:
ಮೇಲ್ದವಡೆ ಬಲಕ್ಕೆ, ಕೆಳದವಡೆ ಎಡಕ್ಕೆ.

ಏನಿದೆ ಇದರಲ್ಲಿ?
ಊರು ಬಿಟ್ಟವನಿಗೆ ಗೆಳೆಯ ಬರೆದ ಪದ್ಯಗಳಂತೆ. ಏಳು.
ಓದು ಮತ್ತೆ.
ಬರುವುದಿಲ್ಲ, ಅಂದಳು. ಅಚ್ಚಿನಕ್ಷರವಾದರೆ ಒಂದಿಷ್ಟು.
ಇದು ಓಡುವ ಅಕ್ಷರ. ಅಪ್ಪನಿಗೂ ಅರ್ಧವೇ ಬರುತ್ತಿತ್ತು,
ಉಳಿದರ್ಧ ತಾತನ ಜೊತೆ ಹೋಯಿತು.

ನನಗೆ ಗೊತ್ತು ಅಂಥದ್ದು.
ಬಟ್ಟೆಗೆ ಬಣ್ಣ ಅದ್ದುತ್ತಿದ್ದ ನಮ್ಮಜ್ಜ ಲೆಕ್ಕವೆಲ್ಲ ಮೋಡಿಯಲ್ಲಿ ಬರೆದ,
ಕೈ ಎತ್ತದೆ, ಒಂದಕ್ಷರದ ಬಾಲ ಇನ್ನೊಂದರ ಕೊರಳಿಗೆ.
ಅವನು ಸತ್ತ ಮೇಲೆ ಯಾರದೆಷ್ಟು ಬಾಕಿ ತಿಳಿಯದೆ
ಇಡೀ ಪೇಟೆ ಋಣಮುಕ್ತ.

ಆದರೂ ಕುಂಚ ಕುಂಚವೇ.
ಮಂಡಿಯೂರಿ ಕನ್ನಡಕ ಒರೆಸಿದೆ.
ನೋಡು, ಇಲ್ಲಿ ಅದ್ದಿದ್ದಾನೆ, ತುಂಬ;
ಗೆರೆ ಮೇದು ಬಂದ ಎಮ್ಮೆಯ ಹಾಗೆ, ಆತುರವಿಲ್ಲ.
ಇಲ್ಲಿಂದ ಮುಂದೆ ಹನ್ನೆರಡು ಅಕ್ಷರ ಅದ್ದಿಯೇ ಇಲ್ಲ.
ತೆಳುವಾಗುತ್ತ, ಕೂದಲು ಕೂದಲಾಗಿ ಬಿರಿದು,
ಗೆರೆಯೊಳಗಿಂದಲೇ ಕಾಗದದ ಬಿಳಿ ಇಣುಕಿ.
ನಾನಾದರೆ ಐದನೆಯದಕ್ಕೇ ಡಬ್ಬಿಗೆ ಕೈ ಹಾಕುತ್ತಿದ್ದೆ.
ಒಣಗೆರೆಗೆ ಗಿರಾಕಿ ರೊಕ್ಕ ಕಡಿಯುತ್ತಾನೆ.
ಇವನು ಬಿಟ್ಟಿಲ್ಲ.
ಅದ್ದಲು ತಿರುಗಿದರೆ ಆ ಗೆಳೆಯ ಎದ್ದುಬಿಟ್ಟಾನು ಎಂಬಂತೆ
ಅಂಗಿಯ ಚುಂಗು ಹಿಡಿದು ಕೂತಿದ್ದಾನೆ,
ಮಸಿ ತೀರುವ ತನಕ.

ಯುನ್ ಪಕ್ಕದಲ್ಲಿ ಕೂತಳು. ಈ ಚುಕ್ಕೆ?
ತಾನೇ ಹೇಳಿದಳು: ಅಪ್ಪ ತೋರಿಸಿದ್ದ, ಇದು ತಪ್ಪಿದ್ದು.
ಮಗ್ಗುಲಿಗೆ ಚುಕ್ಕೆಯಿಟ್ಟರೆ ಲೆಕ್ಕಕ್ಕಿಲ್ಲ ಅಂತ.
ಒರೆಸಿಲ್ಲ, ಕೆರೆದಿಲ್ಲ.
ಸರಿಯಾದದ್ದನ್ನು ಕೆಳಗೆ ಬರೆದು ನಡೆದಿದ್ದಾನೆ.

ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ ನನ್ನ ತಪ್ಪುಗಳೆಷ್ಟೋ!
ಇದೇ ಬೋರ್ಡಿನಲ್ಲಿ ಸೊನ್ನೆ ಮರೆತು
'ದತ ವೈದ್ಯರು' ಅರ್ಧ ದಿನ ನೇತಾಡಿದರು.
ಸಂಜೆ ಏಣಿ ಹತ್ತಿ ಸಂದಿಯಲ್ಲಿ ಒಂದು ಸಣ್ಣ ಸೊನ್ನೆ ತುರುಕಿದೆ.
ಡಾಕ್ಟರು ಬೀದಿಯಲ್ಲಿ ನಿಂತು, ಕತ್ತೆತ್ತಿ, ಬಹಳ ಹೊತ್ತು ನಕ್ಕಿದ್ದರು.
ಯಾಕೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಅಂಚಿಗೆ ಕೆಂಪು ಮುದ್ರೆಗಳು, ಒಂದು ಓರೆ, ಒಂದು ಅಳುಕಿ ಮೂಲೆಗೆ.
ಕೈಯಿಂದ ಕೈಗೆ ಬಂದಾಗ ಒತ್ತಿದ್ದಂತೆ.
ಒಬ್ಬನಿಗೆಂದು ಆಡಿದ ಮಾತನ್ನು
ಎಷ್ಟು ಜನ ಕದ್ದು ಕೇಳಿದೆವಪ್ಪ.
ಅಸಲೋ ನಕಲೋ ಅವಳಿಗೆ ಗೊತ್ತಿಲ್ಲ.
ನಕಲಾದರೂ
ನಕಲು ಮಾಡಿದವನ ಮಸಿ ತೀರಿದ್ದು ನಿಜ.

ನೀನೇ ಇಟ್ಟುಕೋ ಅಂದಳು,
ಕಲ್ಕತ್ತೆಯಲ್ಲಿ ಚಿಕ್ಕಮ್ಮನದು ಒಂದೇ ಕೋಣೆ.
ಆಗುವುದಿಲ್ಲ ಮಾರಾಯ್ತಿ, ಹೊರಟವರಿಗೆ ಬರೆದದ್ದು.
ನಾನೆಲ್ಲಿಗೆ ಹೋಗುತ್ತೇನೆ?
ಏಣಿ ಇಳಿದರೆ ತುಂಗೆಯ ಸೇತುವೆ, ದಾಟಿದರೆ ಮನೆ.

ಬೋರ್ಡಿನ ಹಿಂದೆ ಗೋಡೆ ಇನ್ನೂ ಮೊದಲಿನ ಹಸಿರು.
ಮೊಳೆಗಳನ್ನು ಅವಳು ಎಣಿಸಿ ಜೇಬಿಗಿಟ್ಟಳು, ಯಾಕೋ.

ಟ್ರಂಕಿನ ಮೇಲೆ ವಿಳಾಸ ಬರೆದುಕೊಡು, ಅಂದಳು.
ಬಿಳಿ ಬಣ್ಣ, ಅರ್ಧ ಇಂಚಿನ ಬ್ರಷ್ಷು. ಒಮ್ಮೆ ಅದ್ದಿದೆ.
ಹೆಸರು ದಪ್ಪಗೆ ಬಂತು. ಬೀದಿಗೆ ತೆಳುವಾಯಿತು.
ಕಲ್ಕತ್ತೆಯ ಒತ್ತಕ್ಷರಕ್ಕೆ ಬರುವಾಗ ಕೂದಲು ಬಿರಿದಿತ್ತು.
ಡಬ್ಬಿ ಮೊಣಕಾಲ ಬಳಿಯೇ ಇತ್ತು.
ಪಿನ್‌ಕೋಡ್ ಬಾಕಿ, ಅಂದಳು.
ಗೊತ್ತು, ಅಂದೆ,
ಕೈ ಎತ್ತದೆ.